ಮೇಬ್ರಿ ಗುರುತು ಹಿಡಿದ ಸವಾರ

ವೈಲಿ ಮೇಬ್ರಿ ನೆಲದ ಮೇಲೆ ನಡೆಯುವಾಗ ಕುಂಟುತ್ತಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಮುರಿದು, ವೈದ್ಯರ ಮುಖವನ್ನೇ ಕಾಣದ ಬಯಲಿನಲ್ಲಿ ಅಡುಗೆಯವನೊಬ್ಬ ಸೌದೆ ಸೀಳು ಇಟ್ಟು ಕಟ್ಟಿದ ಪಟ್ಟಿಯಲ್ಲೇ ಸೊಟ್ಟಗೆ ಕೂಡಿಕೊಂಡಿತ್ತು. ಕುದುರೆ ಏರಿದ ಮೇಲೆ ಮಾತ್ರ ಆ ಕುಂಟು ಎಲ್ಲಿ ಹೋಗುತ್ತಿತ್ತೋ. ನನ್ನ ಗಂಡ ಆಸ್ಲಾಕ್ ಅವನು ಹಳ್ಳ ದಾಟಿ ಬರುವುದನ್ನು ಕಂಡಾಗಲೆಲ್ಲ, "ನೋಡೇ ಸಿಗ್ನೆ, ಮನುಷ್ಯ ಎಲ್ಲಿ ಮುಗೀತಾನೆ, ಕುದುರೆ ಎಲ್ಲಿ ಶುರುವಾಗುತ್ತೆ ಹೇಳು ನೋಡೋಣ" ಎನ್ನುತ್ತಿದ್ದ.

ಮೇಬ್ರಿ ಕಪ್ಪು ಜನಾಂಗದವನು. ಟೆಕ್ಸಸ್ಸಿನ ಹತ್ತಿ ತೋಟವೊಂದರಲ್ಲಿ ಗುಲಾಮರ ಮಗನಾಗಿ ಹುಟ್ಟಿದವನು. ಯುದ್ಧ ಮುಗಿದು ಗುಲಾಮರಿಗೆಲ್ಲ ಬಿಡುಗಡೆಯಾಯಿತೆಂದು ಯಜಮಾನ ಜಗಲಿಯಲ್ಲಿ ನಿಂತು ಓದಿ ಹೇಳಿದ ದಿನ ಅವನಿಗಿನ್ನೂ ಹಾಲು ಹಲ್ಲು ಬಿದ್ದು ಮುಗಿದಿರಲಿಲ್ಲ. ತಾಯಿ ಕುಣಿಯಲಿಲ್ಲವಂತೆ. "ಹಾಗಾದ್ರೆ ರಾತ್ರಿ ಊಟ ಯಾರು ಕೊಡ್ತಾರೆ?" ಎಂದಳಂತೆ. ಮೀಸೆ ಮೂಡುವ ಮೊದಲೇ ಅವನು ದನದ ಹಿಂಡುಗಳ ಜೊತೆ ಉತ್ತರಕ್ಕೆ ಹೊರಟ. ಹಿಂಡಿನ ಮುಂದೆ ಸವಾರಿ ಮಾಡುವ ಜಾಗ ಬಿಳಿಯರಿಗೆ. ಹಿಂಬದಿ ಇವನಂಥವರಿಗೆ, ಮೆಕ್ಸಿಕೋದವರಿಗೆ. ಅಷ್ಟೂ ಗೊರಸುಗಳು ಎಬ್ಬಿಸಿದ ದೂಳನ್ನು ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ನುಂಗಬೇಕು. ಪಿಸ್ತೂಲು ಇತ್ತು, ಆದರೆ ಅದು ಅಡುಗೆ ಬಂಡಿಯಲ್ಲಿ ಬೀನ್ಸ್ ಚೀಲದ ಅಡಿ ತುಕ್ಕು ಹಿಡಿಯುತ್ತಿತ್ತು. ಗುಂಡಿನ ಸದ್ದಿಗೆ ಹಿಂಡು ಬೆದರಿ ಓಡಿದರೆ ಜೀವ ಹೋಗುವುದು ತಮ್ಮದೇ ಎಂದು ಎಲ್ಲರಿಗೂ ಗೊತ್ತಿತ್ತು. ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲು ಸಿಕ್ಕಿ ಕುದುರೆ ಎಳೆದುಕೊಂಡು ಹೋದ ಗೆಳೆಯನೊಬ್ಬನನ್ನು ಅವರು ಕಂಬಳಿಯಲ್ಲಿ ಸುತ್ತಿ ಹೂತು, ತೋಳಗಳು ಅಗೆಯದಿರಲಿ ಎಂದು ಆ ಮಣ್ಣಿನ ಮೇಲೇ ಇಡೀ ಹಿಂಡನ್ನು ಹಾಯಿಸಿದ್ದರಂತೆ. ಇದನ್ನು ಅವನು ನಮ್ಮ ಮೇಜಿನ ಮುಂದೆ ಕೂತು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ್ದ.

ಹಾಗೆ ಹಿಂಡುಗಳ ಹಿಂದೆ ಬಂದು ಬಂದು ಕೊನೆಗೆ ಅವನು ವಯೋಮಿಂಗಿನಲ್ಲಿ ನಿಂತ. ಇಲ್ಲಿಯ ಬಯಲನ್ನೆಲ್ಲ ತನ್ನದೆನ್ನುತ್ತಿದ್ದ ದೊಡ್ಡ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಆ ಕಂಪನಿಯ ಮಾಲೀಕರು ಸಮುದ್ರದಾಚೆ ಇದ್ದರು. ಅವರಲ್ಲಿ ಒಬ್ಬರೂ ಈ ಹುಲ್ಲನ್ನು ಕಣ್ಣಿನಿಂದ ಕಂಡವರಲ್ಲ. ಆಮೇಲೆ ಬಂತು ಆ ಕೆಟ್ಟ ಚಳಿಗಾಲ. ಹಿಮದ ಮೇಲೆ ಮಳೆ ಬಿದ್ದು ಗಟ್ಟಿಯಾಗಿ, ದನಗಳು ಹುಲ್ಲಿಗಾಗಿ ನೆಲ ಕೆರೆದು ಕೆರೆದು ಮೂತಿಯಲ್ಲಿ ರಕ್ತ ಸುರಿಸುತ್ತ ನಿಂತಲ್ಲೇ ಸತ್ತವು. ವಸಂತದಲ್ಲಿ ಮೇಬ್ರಿಗೆ ಸಿಕ್ಕ ಕೆಲಸ ಸತ್ತ ದನಗಳ ಚರ್ಮ ಸುಲಿಯುವುದು. ಸುಲಿದು ಮುಗಿದ ದಿನ, ನಿನ್ನ ಕೆಲಸ ಮುಗಿಯಿತು ಹೋಗು ಎಂದರು.

ಹಾಗೆ ಹೊರಬಿದ್ದವರು ಹಲವರು ಹಳ್ಳಗಳ ದಡದಲ್ಲಿ ಸರ್ಕಾರ ಕೊಡುವ ತುಂಡು ಜಮೀನು ಬರೆಸಿಕೊಂಡು ನೆಲೆಯಾದರು. ವಿಲೋ ಹಳ್ಳದಲ್ಲಿ ಮೇಬ್ರಿ ಮೊದಲು ಬಂದ. ಮರುವರ್ಷ ನಾವು ಬಂದೆವು. ಇನ್ನೂ ಕೆಳಗೆ ಟೀಸ್ಲಿ ಎಂಬ ಗಂಡ ಹೆಂಡತಿ ಬಂದರು. ಕಂಪನಿಗೆ ಇದು ಗಂಟಲಿನ ಮುಳ್ಳಾಯಿತು. ಹಳ್ಳ ಹೋದರೆ ನೀರು ಹೋಗುತ್ತದೆ. ನೀರಿಲ್ಲದ ಬಯಲನ್ನು ಇಟ್ಟುಕೊಂಡು ಏನು ಮಾಡುವುದು? ನಮ್ಮನ್ನು ಅವರು ರೈತರೆನ್ನಲಿಲ್ಲ, ದನಗಳ್ಳರು ಎಂದರು. ಕಾಸಿದ ಕಬ್ಬಿಣದಿಂದ ಸ್ವಂತ ಮುದ್ರೆ ಹಾಕಿದ ಹತ್ತು ದನ ಯಾರ ಹತ್ತಿರ ಕಂಡರೂ ಕಳ್ಳನೇ.

ಆಸ್ಲಾಕನಿಗೆ ಇದೆಲ್ಲ ತಲೆಗೇ ಹೋಗುತ್ತಿರಲಿಲ್ಲ. ನಾವು ನಾರ್ವೆಯ ಮೀನುಗಾರರ ಕಡೆಯವರು. ಮಿನೆಸೋಟದ ಮರದ ಕಾರ್ಖಾನೆಯಲ್ಲಿ ದುಡಿಯುವಾಗ ಅವನಿಗೆ ಸಾಹಸಕಥೆಗಳ ಅಗ್ಗದ ಚಿತ್ರಪತ್ರಿಕೆಗಳ ಹುಚ್ಚು ಹಿಡಿಯಿತು. ಅವುಗಳಲ್ಲಿ ಕೌಬಾಯ್ ಎಂಬುವನು ಬಿಳಿ ಟೋಪಿ ಹಾಕಿಕೊಂಡು, ನಡುಬೀದಿಯಲ್ಲಿ ಎದುರಾಳಿಗೆ ಮೊದಲು ಪಿಸ್ತೂಲು ತೆಗೆಯಲು ಬಿಟ್ಟು, ಆಮೇಲೆ ತಾನು ಹೊಡೆದು ಗೆಲ್ಲುತ್ತಿದ್ದ. ಇಂಗ್ಲಿಷನ್ನು ಅವನು ಕಲಿತದ್ದೇ ಅವುಗಳಿಂದ. ಪಶ್ಚಿಮಕ್ಕೆ ಬಂದದ್ದೂ ಅವುಗಳಿಂದಲೇ.

"ಏನಪ್ಪಾ ಕೌಬಾಯ್, ಇವತ್ತು ಎಷ್ಟು ಜನ ಕಳ್ಳರನ್ನ ಉರುಳಿಸ್ದೆ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದ.

"ಇವತ್ತು ಬಿಡುವಾಗ್ಲಿಲ್ಲ ಆಸ್ಲಾಕಣ್ಣ. ಹಸು ಕರು ಹಾಕ್ತಿತ್ತು, ಕರು ಅಡ್ಡ ತಿರುಗಿತ್ತು. ಬೆಳಗಿಂದ ತೋಳು ಪೂರ್ತಿ ಅದರೊಳಗೇ ಇತ್ತು."

"ಥೂ! ಇದನ್ನ ಪತ್ರಿಕೆಯವ್ರು ಹೇಗೋ ಬರೀತಾರೆ?"

"ಬರೆಯೋದಾದ್ರೆ ನಂಗೆ ಬಿಳಿ ಟೋಪಿ ಹಾಕ್ಸೋಕೆ ಹೇಳಣ್ಣ. ಈ ಟೋಪೀಲಿ ಕೋಳಿ ಮೊಟ್ಟೆ ಇಟ್ಬಿಟ್ಟಿದೆ."

ಆಸ್ಲಾಕನನ್ನು ಅಣ್ಣ ಎನ್ನುತ್ತಿದ್ದ ಮೇಬ್ರಿ ನನ್ನನ್ನು ಮಾತ್ರ ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ. "ಅಮ್ಮಾವ್ರೇ" ಎನ್ನುತ್ತಿದ್ದ. ನಾನು ಎಷ್ಟು ಹೇಳಿದರೂ ಬದಲಾಯಿಸಲಿಲ್ಲ. ಹಾಗೆ ಕರೆಯದ ಕಪ್ಪು ಗಂಡಸರಿಗೆ ಏನಾಗುತ್ತದೆಂದು ಅವನು ಕಂಡಿದ್ದ.

ನಾವೆಲ್ಲ ನೆಲೆಯೂರಿದ ಮೇಲೆ ಒಂದು ಶರತ್ಕಾಲದಲ್ಲಿ ಮೊದಲು ಬಂದವನು ಕಂಪನಿಯ ಮೇಲ್ವಿಚಾರಕ ಫೆಲ್ಪ್ಸ್. ಕುದುರೆಯಿಂದ ಇಳಿಯಲೂ ಇಲ್ಲ. "ಒಳ್ಳೆ ಜಾಗ ಮಾಡ್ಕೊಂಡಿದೀರ. ಮಾರೋ ಮನಸ್ಸಿದ್ರೆ ಈಗ್ಲೇ ಮಾರಿ. ಮುಂದೆ ಕೊಳ್ಳೋರು ಸಿಗಲ್ಲ" ಎಂದ. ಆಸ್ಲಾಕ್ ನಕ್ಕು ಇಲ್ಲವೆಂದ. ಒಂದು ವಾರದಲ್ಲಿ ಟೀಸ್ಲಿಯ ನಾಯಿ ಬಾವಿಯಲ್ಲಿ ಸತ್ತು ಬಿದ್ದದ್ದು ಸಿಕ್ಕಿತು. ಆಮೇಲೆ ನಮ್ಮ ಬೇಲಿಯ ತಂತಿ ಕತ್ತರಿಸಿದ್ದರು. ಒಂದು ಕಡೆ ಅಲ್ಲ, ಪ್ರತಿ ಕಂಬದ ನಡುವೆಯೂ. ಅಷ್ಟು ಸಾವಕಾಶವಾಗಿ ಯಾರೋ ನಮ್ಮ ಮನೆಯ ಸುತ್ತ ನಡೆದಿದ್ದರು.

ಅದಾದ ಮೇಲೆ ಬಂದವನು ಕ್ಯಾಪ್ಟನ್ ಎಮೆಟ್ ಸ್ಟ್ರೋಡ್.

ಬಾಗಿಲಲ್ಲಿ ನಿಂತ ಅವನನ್ನು ಕಂಡು ಆಸ್ಲಾಕ್ ಕೂತಲ್ಲಿಂದ ದಡಕ್ಕನೆ ಎದ್ದ. ಅವನ ಹತ್ತಿರವಿದ್ದ ಪತ್ರಿಕೆಗಳಲ್ಲಿ ನಾಲ್ಕೈದರ ಮೇಲೆ ಇದೇ ಮನುಷ್ಯನ ಚಿತ್ರವಿತ್ತು. ರೈಲು ದರೋಡೆಕೋರರನ್ನು ಒಬ್ಬನೇ ಅಟ್ಟಿಸಿಕೊಂಡು ಹೋದವನು, ನಡುಬೀದಿಯಲ್ಲಿ ಕಳ್ಳರ ಸರದಾರನನ್ನು ಎದುರಿಸಿದವನು. ನಿಜವಾದ ಸ್ಟ್ರೋಡ್ ಎತ್ತರಕ್ಕಿದ್ದ, ಸಣ್ಣ ದನಿಯವನು, ಒಳಗೆ ಬರುವ ಮುನ್ನ ಬೂಟು ಒರೆಸಿಕೊಂಡ. ದರೋಡೆಕೋರರ ಕಾಲ ಮುಗಿಯಿತು, ಈಗ ಕುದುರೆ ಕೊಳ್ಳುತ್ತ ತಿರುಗುತ್ತಿದ್ದೇನೆ ಎಂದ. ಎರಡು ದಿನ ನಮ್ಮಲ್ಲೇ ಉಳಿದ. ಮಲಗಿ ಎದ್ದ ಕಂಬಳಿಯನ್ನು ನನಗಿಂತ ಅಚ್ಚುಕಟ್ಟಾಗಿ ಮಡಿಸಿಟ್ಟ. ಆಡಿನ ಹಾಲಿನ ತಿಳಿಯನ್ನು ಕುದಿಸಿ ಕುದಿಸಿ ನಾನು ಮಾಡುವ ಕಂದು ಚೀಸ್ ಅವನಿಗೆ ಬಹಳ ಹಿಡಿಸಿತು. ನಮ್ಮ ಕಡೆಯ ಆ ಚೀಸನ್ನು ಈ ಸೀಮೆಯಲ್ಲಿ ಇನ್ಯಾರೂ ಮಾಡುತ್ತಿರಲಿಲ್ಲ.

ಮಾತಾಡುವುದಕ್ಕಿಂತ ಹೆಚ್ಚು ಅವನು ಕೇಳುತ್ತಿದ್ದ. ನಿಮ್ಮಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು? ಹಸುಗಳನ್ನು ಯಾವ ಗೇಟಿನಿಂದ ಬಿಡುತ್ತೀರಿ? ಟೀಸ್ಲಿ ನೀರಿಗೆ ತಾನೇ ಹೋಗುತ್ತಾನಾ, ಹೆಂಡತಿ ಹೋಗುತ್ತಾಳಾ? ಆಸ್ಲಾಕ್ ಎಲ್ಲಕ್ಕೂ ಸಂತೋಷದಿಂದ ಉತ್ತರ ಕೊಟ್ಟ. ನಾನು ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿ ನಿಂತಿದ್ದೆ. ಕುದುರೆ ಕೊಳ್ಳುವವನು ಕುದುರೆಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲವಲ್ಲ ಎಂದು ಅನಿಸಿತು. ಆದರೆ ಅವನು ಅಷ್ಟು ಮೆದುವಾಗಿ "ಕಾಫಿ ಇನ್ನೊಂದು ಚೂರು ಸಿಗುತ್ತಾ ತಾಯಿ?" ಎಂದು ಕೇಳುವಾಗ ಆ ಅನುಮಾನ ಕರಗಿಹೋಗುತ್ತಿತ್ತು.

ಎರಡನೆಯ ಮಧ್ಯಾಹ್ನ ಆಸ್ಲಾಕ್ ಹಬ್ಬದ ಸಂಭ್ರಮದಲ್ಲಿ ಮೇಬ್ರಿಯನ್ನು ಊಟಕ್ಕೆ ಕರೆದು ತಂದ. ಮೇಬ್ರಿ ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ.

"ವೈಲಿ," ಎಂದ ಸ್ಟ್ರೋಡ್, ಏಳದೆ. "ಇನ್ನೂ ಬದುಕಿದೀಯಾ?"

"ಇದೀನಿ ಎಮೆಟ್. ನೀನೂ ಇದೀಯ."

"ನೋಡಿ, ಈ ಮನುಷ್ಯ ನನ್ನ ಜೀವ ಉಳಿಸ್ದವ್ನು," ಎಂದು ಸ್ಟ್ರೋಡ್ ನಮ್ಮ ಕಡೆ ತಿರುಗಿದ. "ರೆಡ್ ನದಿ ತುಂಬಿ ಹರೀತಿತ್ತು. ಹಿಂಡು ದಾಟಿಸೋವಾಗ ನನ್ನ ಕುದುರೆ ಮುಳುಗ್ತು. ಇವ್ನು ನನ್ನ ಕೂದ್ಲು ಹಿಡ್ಕೊಂಡು ದಡಕ್ಕೆ ಎಳ್ದ. ಒಂದು ಹಿಡಿ ಕೂದ್ಲು ಇವನ ಕೈಲೇ ಉಳೀತು. ಅಲ್ವೇನೋ?"

"ಉಳೀತು. ಆಮೇಲೆ ತೊಳ್ಕೊಂಡೆ."

ಆಸ್ಲಾಕ್ ಗಹಗಹಿಸಿ ನಕ್ಕ. ಸ್ಟ್ರೋಡನೂ ನಕ್ಕ. ಮೇಬ್ರಿ ತಟ್ಟೆಯಲ್ಲಿ ಹಾಕಿದ ಹಂದಿಮಾಂಸವನ್ನು ಅರ್ಧ ತಿಂದು, ಹಸು ನೋಡಬೇಕೆಂದು ಎದ್ದು ಹೋದ. ಅವನು ಊಟ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಸ್ಟ್ರೋಡ್ ಹೊರಟ. ದಾರಿಗೆಂದು ಒಂದು ತುಂಡು ಚೀಸನ್ನು ನೀಲಿ ಗೆರೆಯ ಬಟ್ಟೆಯಲ್ಲಿ ಸುತ್ತಿ ನಾನೇ ಅವನ ಕೈಗೆ ಕೊಟ್ಟೆ.

ಅದಾದ ಮರುದಿನ ಮೇಬ್ರಿ ಬೇಲಿಯ ಹತ್ತಿರ ಬಂದು ಇಬ್ಬರನ್ನೂ ಕರೆದ. ಕುದುರೆಯಿಂದ ಇಳಿದಿದ್ದ. ನಿಂತು ಮಾತಾಡುವುದು ಅವನಿಗೆ ಕಷ್ಟ. ಮುಖ್ಯ ವಿಷಯವಿದ್ದರೆ ಮಾತ್ರ ಇಳಿಯುತ್ತಿದ್ದ.

"ಅವ್ನು ಹೋಗ್ತಾ ನನ್ನ ಹತ್ರ ಬಂದಿದ್ದ. 'ಹಿಮ ಬೀಳೋಕ್ಮುಂಚೆ ಈ ಹಳ್ಳ ಬಿಟ್ಟು ಹೋಗ್ಬಿಡು ವೈಲಿ. ನದೀಲಿ ಹಿಡಿದ ಕೈಗೋಸ್ಕರ ಹೇಳ್ತಿದೀನಿ' ಅಂದ. 'ಮಿಕ್ಕೋರು?' ಅಂದೆ. ಜೀನಿನ ಪಟ್ಟಿ ಬಿಗೀತಾ, 'ಮಿಕ್ಕೋರು ನನ್ನ ಕೂದ್ಲು ಹಿಡ್ದಿಲ್ವಲ್ಲ' ಅಂದ."

ಆಸ್ಲಾಕನ ಮುಖ ಕೆಂಪಾಯಿತು. "ಯಾರು, ಸ್ಟ್ರೋಡಾ? ಏನ್ ಮಾತಾಡ್ತಿದೀಯ ಮಾರಾಯಾ? ಎರಡು ದಿನ ನನ್ನ ಉಪ್ಪು ತಿಂದಿದಾನೆ. ಅವನು ಎದುರಿಗೆ ನಿಂತು ಹೊಡೆಯೋ ಗಂಡಸು. ಊರಿಗೆಲ್ಲ ಗೊತ್ತು."

"ಯಾವ ಊರಿಗಣ್ಣ? ನಾನು ಮೀಸೆ ಮೂಡೋಕ್ಮುಂಚಿಂದ ಈ ದನದ ಬಯಲಲ್ಲಿದೀನಿ. ಗುಂಡು ತಿಂದು ಸತ್ತೋರನ್ನ ತುಂಬ ಜನಾನ ಹೂತಿದೀನಿ. ಎಲ್ಲರಿಗೂ ಬೆನ್ನಲ್ಲೇ ತೂತು. ಎದುರಿಗೆ ನಿಂತು ಹೊಡೆದೋನು ಒಬ್ಬನ್ನೂ ನಾನು ನೋಡಿಲ್ಲ."

"ನಿಂಗೆ ಅವನ ಮೇಲೆ ಹೊಟ್ಟೆಕಿಚ್ಚು. ಒಟ್ಟಿಗೆ ದನ ಕಾಯ್ದೋರು, ಅವನು ಎಲ್ಲಿಗೋ ಹೋದ, ನೀನು ಇಲ್ಲೇ ಉಳ್ದೆ."

ಮೇಬ್ರಿ ಸಿಟ್ಟಾಗಲಿಲ್ಲ. "ಇರಬಹುದಣ್ಣ," ಎಂದ. "ಆದ್ರೂ ಒಂದು ಮಾತು ಕೇಳು. ದಿನಾ ಒಂದೇ ಹೊತ್ತಿಗೆ ಗೇಟಿಗೆ ಹೋಗ್ಬೇಡ. ಹೋದ್ರೂ ಹಸುಗಳ ನಡುವೆ ಹೋಗು. ಬಾಗ್ಲಲ್ಲಿ ನಿಂತ್ಕೊಂಡು ಪೈಪು ಸೇದ್ಬೇಡ."

"ನೀನು ಹೋಗ್ತೀಯಾ?" ಎಂದು ನಾನು ಕೇಳಿದೆ.

ಅವನು ಹುಲ್ಲಿನ ಕಡೆ ನೋಡಿದ. "ಎಲ್ಲಿಗೆ ಹೋಗ್ಲಿ ಅಮ್ಮಾವ್ರೇ? ಹುಟ್ಟಿದಾಗಿಂದ ಎಲ್ಲೇ ನಿಂತ್ರೂ ಯಾರಾದ್ರೂ ಒಬ್ರು ಹೋಗು ಅಂದಿದಾರೆ. ಈ ಸಲ ಹೋಗೋಕೆ ಮನಸ್ಸಿಲ್ಲ."

ಟೀಸ್ಲಿ ದಂಪತಿಗೂ ಹೋಗಿ ಹೇಳಿದ. ಟೀಸ್ಲಿ ಅವನನ್ನು ಹೆದರುಪುಕ್ಕಲ ಎಂದ. ಆದರೆ ಮಾರನೆಯ ದಿನದಿಂದ ಹೆಂಡತಿಯನ್ನು ನೀರಿಗೆ ಕಳಿಸುವುದನ್ನು ನಿಲ್ಲಿಸಿದ.

ಅಕ್ಟೋಬರ್ ಬಂತು. ಹಳ್ಳದ ಮರಗಳು ಹಳದಿಯಾಗಿ, ಎಲೆ ಉದುರಿ, ಮನೆಯಿಂದ ದಿಬ್ಬದವರೆಗೂ ಮರೆಯೇ ಇಲ್ಲದಂತಾಯಿತು. ನಮ್ಮ ಮನೆಯ ಎದುರು ಉದ್ದಕ್ಕೆ ಮಲಗಿದ್ದ ಆ ದಿಬ್ಬವನ್ನು ನಾನು ಬೇಸಿಗೆಯಿಡೀ ನೋಡಿಯೇ ಇರಲಿಲ್ಲ. ಈಗ ಹಿಟ್ಟು ನಾದುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಜಿಂಕೆಗಳು ಸಂಜೆ ಅಲ್ಲಿಂದ ಇಳಿದು ನೀರಿಗೆ ಬರುತ್ತಿದ್ದವು. ಒಂದು ದಿನ ಬರುವುದನ್ನು ನಿಲ್ಲಿಸಿದವು.

ಒಂದು ಮಧ್ಯಾಹ್ನ ಮೇಬ್ರಿ ಬಂದು, "ಬಾ ಅಣ್ಣ, ಒಂದು ಜಾಗ ತೋರಿಸ್ಬೇಕು" ಎಂದ. ನಾನೂ ಹೋದೆ. ದಿಬ್ಬದ ನೆತ್ತಿಯಲ್ಲಿ ಎರಡು ಬಂಡೆಗಳ ನಡುವೆ ಹುಲ್ಲು ಮನುಷ್ಯನ ಉದ್ದಕ್ಕೆ ಮಲಗಿತ್ತು. ಒಂದು ಸಲ ಮಲಗಿ ಎದ್ದ ಹುಲ್ಲಲ್ಲ; ಮತ್ತೆ ಮತ್ತೆ ಒತ್ತಿ ಬೇರಿನವರೆಗೂ ಹಳದಿಯಾದದ್ದು. ಮೊಣಕೈ ಊರುವ ಕಡೆ ಎರಡು ಗುಳಿ. ಅಲ್ಲಿ ಬಗ್ಗಿ ನೋಡಿದರೆ ಬಂಡೆಗಳ ಸಂದಿಯಿಂದ ನಮ್ಮ ಗೇಟು, ಅಂಗಳ, ನಾನು ಬಟ್ಟೆ ಒಣಹಾಕುವ ಹಗ್ಗ, ಎಲ್ಲವೂ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು.

ಮೇಬ್ರಿ ಬೂಟಿನ ತುದಿಯಿಂದ ಹುಲ್ಲು ಸರಿಸಿದ. ಕಂದು ಚೀಸಿನ ಒಣಗಿದ ಅಂಚು ಬಿದ್ದಿತ್ತು. ಹಲ್ಲಿನ ಗುರುತಿತ್ತು.

ನನ್ನ ಕೈಯಲ್ಲಿ ಮಾಡಿದ್ದು ನನಗೆ ಗೊತ್ತಾಗದೆ?

ಆಸ್ಲಾಕ್ ಬಗ್ಗಿ ಆ ಚೂರನ್ನು ಎತ್ತಿ ತಿರುಗಿಸಿ ನೋಡಿದ. ಅವನ ಮುಖ ನೋಡಿ ನನಗೆ ಅವನ ಮೇಲೆ ಅಯ್ಯೋ ಎನಿಸಿತು; ದೇವರ ಪಟ ಕೆಳಗೆ ಬಿದ್ದು ಒಡೆದರೆ ಹಾಗೆ ನೋಡುತ್ತಾರೆ. ಕೊನೆಗೆ, "ಹೋಗೋ ದಾರೀಲಿ ಇಲ್ಲಿ ಕೂತು ತಿಂದಿರ್ಬೇಕು. ಇಲ್ಲಿಂದ ಹಳ್ಳ ಚೆನ್ನಾಗಿ ಕಾಣ್ಸುತ್ತೆ" ಎಂದ. ಆದರೆ ಇಳಿಯುವಾಗ ಅವನು ನನ್ನನ್ನು ಮುಂದೆ ಬಿಟ್ಟು, ತಾನು ನನ್ನ ಬೆನ್ನ ಹಿಂದೆಯೇ ಒತ್ತಿಕೊಂಡು ನಡೆದ.

ಕೆಲವು ದಿನ ಅವನು ಮೇಬ್ರಿ ಹೇಳಿದಂತೆಯೇ ಮಾಡಿದ. ಒಂದು ದಿನ ಬೇಗ, ಒಂದು ದಿನ ತಡ. ಹಸುಗಳಿಗೆ ಅದು ಒಗ್ಗಲಿಲ್ಲ. ಕೆಚ್ಚಲು ಬಿಗಿದು ಅರಚುತ್ತಿದ್ದವು. ಜೊತೆಗೆ ಅವನಿಗೆ ನಾಚಿಕೆ. "ನನ್ನ ಸ್ವಂತ ಅಂಗಳದಲ್ಲಿ ಇಲಿ ಥರ ಓಡಾಡ್ತಿದೀನಿ" ಎನ್ನುತ್ತಿದ್ದ. ಮೊದಲ ಹಿಮ ತೆಳ್ಳಗೆ ಬಿದ್ದು ಕರಗಿತು. ಏನೂ ಆಗಲಿಲ್ಲ. ಅದರ ಮರುದಿನ ಬೆಳಗಾಗುತ್ತಲೇ ಅವನು ಹಳೆಯ ಹೊತ್ತಿಗೇ, ಹಸುಗಳ ಮುಂದೆ, ಸಿಳ್ಳೆ ಹಾಕುತ್ತ ಗೇಟಿಗೆ ಹೋದ.

ಸಿಳ್ಳೆ ನಿಂತಿತು. ಆಮೇಲೆ ಗುಂಡಿನ ಸದ್ದು ಬಂತು. ಅಷ್ಟು ದೂರದಿಂದ ಹೊಡೆದರೆ ಗುಂಡೇ ಮೊದಲು ಬರುತ್ತದೆ, ಸದ್ದು ಆಮೇಲೆ ಬರುತ್ತದೆ ಎಂದು ಮೇಬ್ರಿ ನನಗೆ ತುಂಬ ದಿನಗಳ ನಂತರ ಹೇಳಿದ.

ಕಿಟಕಿಯಿಂದ ನೋಡಿದೆ. ಅವನು ಗೇಟಿನ ಕಂಬದ ಪಕ್ಕ ಮುಖ ಕೆಳಗಾಗಿ ಬಿದ್ದಿದ್ದ. ಹಸುಗಳು ಅವನನ್ನು ಬಳಸಿಕೊಂಡು ಹೊರಗೆ ಹೋದವು. ನಾನು ಬಾಗಿಲಿಗೆ ಓಡಿದೆ. ಹೊಸ್ತಿಲಲ್ಲಿ ಕಾಲು ಇಟ್ಟ ಕೂಡಲೆ ಚೌಕಟ್ಟಿನಿಂದ ಮರದ ಚೂರು ಸಿಡಿದು ನನ್ನ ಕೆನ್ನೆಗೆ ಹೊಡೆಯಿತು. ಒಳಗೆ ಬಿದ್ದೆ. ಆಸ್ಲಾಕನ ಒಂದು ಕೈ ಸ್ವಲ್ಪ ಹೊತ್ತು ಮಣ್ಣು ಕೆರೆಯುತ್ತಿತ್ತು. ಆಮೇಲೆ ನಿಂತಿತು. ಟೀಸ್ಲಿ ಗಂಡ ಹೆಂಡತಿ ಸದ್ದು ಕೇಳಿ ಬಂದರು. ಹಳ್ಳದ ಮರಗಳಾಚೆಯೇ ನಿಂತರು. ಅವರನ್ನು ನಾನು ಬಯ್ಯುವುದಿಲ್ಲ.

ಮೇಬ್ರಿ ಹಳ್ಳದ ತಗ್ಗಿನಲ್ಲೇ ಬಂದು ನಮ್ಮ ಹಿತ್ತಿಲ ಬಾಗಿಲಿಂದ ಒಳಗೆ ಬಂದ. ಕಿಟಕಿಯಿಂದ ಒಂದು ಸಲ ನೋಡಿದ. "ಒಳಗೇ ಇರಿ ಅಮ್ಮಾವ್ರೇ" ಎಂದ. ಬಂದೂಕನ್ನು ಗೋಡೆಗೆ ಒರಗಿಸಿಟ್ಟ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಕುದುರೆ ಮೇಲೆ ಹೋಗೋ, ಬೇಗ ಹೋಗಿ ಬರ್ಬಹುದು," ಎಂದೆ ನಾನು. ಹುಚ್ಚಿಯ ಹಾಗೆ ಅದನ್ನೇ ಮತ್ತೆ ಮತ್ತೆ ಅಂದೆ.

"ಬೇಡ. ಕುದುರೆ ಮೇಲಿದ್ರೆ ನಾನು ಯಾರು ಅಂತ ಗೊತ್ತಾಗಲ್ಲ. ನಡೆದ್ರೆ ಗೊತ್ತಾಗುತ್ತೆ."

ಮುಂಬಾಗಿಲಿಂದ ಹೊರಗೆ ಹೋದ. ಬರಿ ತಲೆಯಲ್ಲಿ, ಎರಡೂ ಕೈ ಖಾಲಿ, ಆ ಅಂಗಳವನ್ನು ಕುಂಟುತ್ತ ಕುಂಟುತ್ತ ದಾಟಿದ. ಬೇಗ ನಡೆಯಲಿಲ್ಲ. ಆಸ್ಲಾಕನ ಹತ್ತಿರ ನಿಂತು ದಿಬ್ಬಕ್ಕೆ ಮುಖ ಮಾಡಿದ.

"ಎಮೆಟ್! ನಾನು ವೈಲಿ. ಇವನನ್ನ ಒಳಗೆ ತಗೊಂಡ್ ಹೋಗ್ತೀನಿ. ಹೊಡೀಬೇಕಂದ್ರೆ ಈಗ ಹೊಡಿ. ಎದುರಿಗೇ ನಿಂತಿದೀನಿ. ಒಂದ್ಸಲನಾದ್ರೂ ಎದುರಿಗಿರೋನಿಗೆ ಹೊಡೆದು ನೋಡು!"

ದಿಬ್ಬದಿಂದ ಏನೂ ಬರಲಿಲ್ಲ. ಗಾಳಿಯೂ ಇರಲಿಲ್ಲ. ಬೇಲಿಯ ಮೇಲೆ ಒಂದು ಕಪ್ಪುಬಿಳುಪು ಹಕ್ಕಿ ಬಾಲ ಎತ್ತಿ ಇಳಿಸಿ ಮಾಡುತ್ತಿತ್ತು. ಮೇಬ್ರಿ ಬಗ್ಗಿ ಆಸ್ಲಾಕನ ಕಂಕುಳಿಗೆ ಕೈ ಹಾಕಿ ಹಿಂದೆ ಹಿಂದೆ ಎಳೆಯತೊಡಗಿದ. ನನ್ನ ಗಂಡ ದೊಡ್ಡ ಆಳು. ಸೊಟ್ಟ ಕಾಲು ಜಾರಿ ಮೇಬ್ರಿ ಎರಡು ಸಲ ಕೂತುಬಿಟ್ಟ. ಎರಡು ಸಲವೂ ಎದ್ದ. ಆಸ್ಲಾಕನ ಹಿಮ್ಮಡಿಗಳು ಗೇಟಿನಿಂದ ಹೊಸ್ತಿಲವರೆಗೂ ಒದ್ದೆ ಮಣ್ಣಿನಲ್ಲಿ ಗೆರೆ ಎಳೆದವು. ಒಳಗೆ ಬಂದ ಮೇಲೆ ಮೇಬ್ರಿ ಗೋಡೆಗೆ ಮುಖ ಒತ್ತಿ ನಿಂತ. ಅವನ ಅಂಗಿಯ ಬೆನ್ನು ಚಳಿಯಲ್ಲೂ ಪೂರ್ತಿ ನೆನೆದಿತ್ತು.

ವಿಚಾರಣೆ ಊರಿನಲ್ಲಿ, ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯಿತು. ಕೂತು ತೀರ್ಮಾನ ಹೇಳುವವರೆಲ್ಲ ಕಂಪನಿಯ ಹಂಗಿನಲ್ಲಿದ್ದವರು. ಸ್ಟ್ರೋಡ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾನಾಗಿಯೇ ಬಂದಿದ್ದ. ನೇರ ನನ್ನ ಹತ್ತಿರ ಬಂದು ನನ್ನ ಕೈ ಹಿಡಿದು, "ನನಗೆ ಊಟ ಹಾಕಿದ ಕೈ ತಾಯಿ. ಬಹಳ ಸಂಕಟ ಆಯ್ತು" ಎಂದ. ಕೈ ಬೆಚ್ಚಗಿತ್ತು, ಒಣಗಿತ್ತು.

ಮೇಬ್ರಿ ಎದ್ದು ನಿಂತು ತಾನು ಕಂಡದ್ದನ್ನೆಲ್ಲ ಹೇಳಿದ. ಊರಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯನ ಹೆಸರು ಹಿಡಿದು ಕೊಲೆಗಾರ ಎಂದದ್ದು ಅದೇ ಮೊದಲು. ಕಂಪನಿಯ ವಕೀಲ ಕೇಳಿದ: "ಹೊಡೆದದ್ದನ್ನ ನೀನು ಕಣ್ಣಾರೆ ಕಂಡ್ಯಾ?"

"ಇಲ್ಲ. ಮಲಗಿದ ಹುಲ್ಲು ಕಂಡೆ. ಕಚ್ಚಿದ ಚೀಸ್ ಕಂಡೆ."

"ಹಾಗಾದ್ರೆ ಹೊಡೆದದ್ದು ಇಲಿ ಇರ್ಬೇಕು."

ಕೋಣೆಯೆಲ್ಲ ನಗು. ಗುರುತು ಸಿಗದ ಯಾರೋ ಕೊಂದರೆಂದು ತೀರ್ಮಾನವಾಯಿತು. ಮೆಟ್ಟಿಲಿಳಿಯುವಾಗ ಸ್ಟ್ರೋಡ್ ನಮ್ಮ ಪಕ್ಕದಲ್ಲೇ ಇಳಿದ. ಕೊನೆಯ ಮೆಟ್ಟಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತ, ಮೇಬ್ರಿಯ ಮುಖ ನೋಡದೆ, "ನದಿಯ ಋಣ ಅವತ್ತು ಗೇಟಿನ ಹತ್ರ ತೀರ್ತು ವೈಲಿ. ಇನ್ನು ನಮ್ಮ ಮಧ್ಯೆ ಏನೂ ಬಾಕಿ ಇಲ್ಲ" ಎಂದ.

ಆ ಚಳಿಗಾಲವನ್ನು ನಾವು ಹೇಗೆ ಕಳೆದೆವೋ. ಟೀಸ್ಲಿಗಳು ಒಲೆಯಲ್ಲಿ ಬೆಂಕಿ ಇರುವಾಗಲೇ ಗಾಡಿ ಕಟ್ಟಿ ಹೊರಟುಹೋದರು. ನಾನು ಹೋಗಲಿಲ್ಲ. ಹಳ್ಳದ ದಡದಲ್ಲಿ ಹೂತ ಆಸ್ಲಾಕನನ್ನು ಆ ಮಣ್ಣಿನಲ್ಲಿ ಬಿಟ್ಟು, ಆ ಮಣ್ಣನ್ನು ಫೆಲ್ಪ್ಸನ ಕೈಗೆ ಕೊಡುವುದು ನನ್ನಿಂದ ಆಗಲಿಲ್ಲ. ಮೇಬ್ರಿ ನನ್ನ ಹಸುಗಳನ್ನೂ ನೋಡಿಕೊಂಡ. ಒಂದೊಂದು ದಿನ ಒಂದೊಂದು ದಾರಿಯಲ್ಲಿ ಬರುತ್ತಿದ್ದ. ಬೇಲಿಯಲ್ಲಿ ಮೂರು ಕಡೆ ಹೊಸ ಸಂದು ಮಾಡಿದ; ಗೇಟಿನ ಕಡೆ ಹೋಗಲೇ ಇಲ್ಲ. ಕಿಟಕಿಗಳಿಗೆ ಹಲಗೆ ಹೊಡೆದ. ಹಗಲಿನಲ್ಲೂ ಒಳಗೆ ಕತ್ತಲೆ. ಹಿಮ ಬಿದ್ದ ಬೆಳಿಗ್ಗೆ ಅವನು ಮೊದಲು ಮಾಡುತ್ತಿದ್ದ ಕೆಲಸ ದಿಬ್ಬದ ಹಿಂಬದಿಗೆ ಹೋಗಿ ಗೊರಸಿನ ಗುರುತು ಹುಡುಕುವುದು. ಕೆಲವು ದಿನ ಇರುತ್ತಿತ್ತು.

ನಡುವೆ ಫೆಲ್ಪ್ಸ್ ಒಮ್ಮೆ ಬಂದ. "ಊರಲ್ಲಿ ಜನ ಮಾತಾಡ್ತಿದಾರಮ್ಮ," ಎಂದ. "ಒಂಟಿ ವಿಧವೆ, ಬಿಳಿ ಹೆಂಗಸು. ಆ ಕರಿಯ ದಿನಾ ಬರ್ತಾನೆ. ಇಂಥ ಮಾತು ಬೆಳೆದ್ರೆ ಹಗ್ಗದಲ್ಲಿ ಮುಗಿಯುತ್ತೆ. ಅವನ ಒಳ್ಳೇದಕ್ಕೇ ಹೇಳ್ತಿದೀನಿ."

ಆ ಮಾತನ್ನು ನನ್ನಿಂದ ಕೇಳಿದ ಮೇಲೆ ಮೇಬ್ರಿ ನನ್ನ ಹೊಸ್ತಿಲು ದಾಟಲಿಲ್ಲ. ಸೌದೆಯನ್ನು ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ನಾನು ಕೊಟ್ಟದ್ದನ್ನು ಹಿಮದಲ್ಲಿ, ಮೆಟ್ಟಿಲ ಮೇಲೆ, ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತು ತಿನ್ನುತ್ತಿದ್ದ. ನಾನು ಒಳಗಡೆ ಬಾಗಿಲಿಗೆ ಒರಗಿ ಕೂರುತ್ತಿದ್ದೆ. ಮಧ್ಯೆ ಹಲಗೆ ಇಟ್ಟುಕೊಂಡು ಮಾತಾಡುತ್ತಿದ್ದೆವು. ಒಂದು ಸಲ, "ಭಯ ಆಗುತ್ತಾ ವೈಲಿ?" ಎಂದು ಕೇಳಿದೆ.

"ಆಗುತ್ತೆ. ನೀರು ಕುಡಿಯೋಕೆ ತಲೆ ಎತ್ತಿದಾಗ ಜಾಸ್ತಿ ಆಗುತ್ತೆ. ಕತ್ತು ಕಾಣುತ್ತಲ್ಲ, ಅದಕ್ಕೆ."

ವಸಂತದಲ್ಲಿ ಬೇರೆ ಹಳ್ಳವೊಂದರಲ್ಲಿ ಇಬ್ಬರು ಸತ್ತರು ಎಂದು ಕೇಳಿದೆವು. ಆ ಬೇಸಿಗೆಯಲ್ಲಿ ಕಂಪನಿಯ ಮಾಲೀಕರಿಗೆ ನಷ್ಟ ಸಾಕೆನಿಸಿ, ದನಗಳನ್ನು ಮಾರಿ ಕೈತೊಳೆದುಕೊಂಡರು. ಫೆಲ್ಪ್ಸ್ ಹೊರಟುಹೋದ. ಸ್ಟ್ರೋಡ್ ಕೊಲೊರಾಡೋ ಕಡೆಗೆ ಹೋದನೆಂದು ಕೆಲವರು, ಇನ್ನೂ ಇಲ್ಲೇ ಇದ್ದಾನೆಂದು ಕೆಲವರು. ಮುಗಿಯಿತು ಎಂದು ಯಾರೂ ಬಂದು ನಮಗೆ ಹೇಳಲಿಲ್ಲ. ಹಾಗಾಗಿ ಮೇಬ್ರಿಗೆ ಅದು ಮುಗಿಯಲೇ ಇಲ್ಲ.

ಕೆಲವು ವರ್ಷಗಳಾದ ಮೇಲೆ ಅಂಗಡಿಯಲ್ಲಿ ಒಂದು ಚಿತ್ರಪತ್ರಿಕೆ ಕಂಡೆ. ಮೇಲೆ ಸ್ಟ್ರೋಡ್, ಬಿಳಿ ಟೋಪಿ. ಅವನೆದುರು ನಡುಬೀದಿಯಲ್ಲಿ ಗಡ್ಡದ ರಾಕ್ಷಸನೊಬ್ಬ, ಎರಡು ಕೈಯಲ್ಲೂ ಪಿಸ್ತೂಲು. ವಿಲೋ ಹಳ್ಳದ ದನಗಳ್ಳರ ಸರದಾರ, ನಾರ್ವೆಯ ದೈತ್ಯ ಎಂದು ಬರೆದಿದ್ದರು. ನನ್ನ ಆಸ್ಲಾಕ್ ಗಡ್ಡ ಬಿಟ್ಟವನಲ್ಲ. ಕೋಳಿ ಕೊಯ್ಯುವುದಕ್ಕೂ ನನ್ನನ್ನೇ ಕರೆಯುತ್ತಿದ್ದವನು. ಮನೆಗೆ ತಂದೆ. ಮೇಬ್ರಿಗೆ ಓದು ಬಾರದು. ಹಿತ್ತಿಲ ಮೆಟ್ಟಿಲಲ್ಲಿ ಕೂತು ಅವನು ಕೇಳಿದ್ದರಿಂದ ಮೊದಲಿಂದ ಕೊನೆಯವರೆಗೂ ಓದಿದೆ.

"ನಾನು ಎಲ್ಲಿ ಬರ್ತೀನಿ?" ಎಂದ.

"ನೀನು ಇದರಲ್ಲಿ ಇಲ್ಲ. ಕಪ್ಪು ಜನ ಯಾರೂ ಇಲ್ಲ."

"ನದಿ?"

"ನದಿಯೂ ಇಲ್ಲ."

"ಇಲ್ಲದಿದ್ರೆ ಒಳ್ಳೇದೇ ಬಿಡಿ," ಎಂದ. "ಬರೆದಿದ್ರೆ ನನ್ನನ್ನೂ ಸಾಯಿಸ್ತಿದ್ರು." ಆದರೆ ಅವತ್ತು ಅವನು ತಟ್ಟೆ ಮುಟ್ಟದೆ ಎದ್ದು ಹೋದ.

ಸ್ಟ್ರೋಡ್ ಡೆನ್ವರಿನ ಹೋಟೆಲೊಂದರಲ್ಲಿ, ಮೆತ್ತನೆ ಹಾಸಿಗೆಯಲ್ಲಿ, ಹೊಟ್ಟೆಯ ಕಾಯಿಲೆಯಿಂದ ಸತ್ತ. ಪತ್ರಿಕೆಗಳೆಲ್ಲ ದುಃಖಪಟ್ಟವು. ಸುದ್ದಿಯನ್ನು ಮೇಬ್ರಿಗೆ ನಾನೇ ಹೇಳಿದೆ. ಅವನು ತಲೆಯಾಡಿಸಿದ. ಆದರೂ ಮರುದಿನ ಬಳಸು ದಾರಿಯಲ್ಲೇ ಬಂದ, ಅದರ ಮರುದಿನವೂ. ಅಷ್ಟು ವರ್ಷದ ಅಭ್ಯಾಸವೋ, ಅಥವಾ ಅಂಥವರು ಒಬ್ಬರೇ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತೋ. ಕುದುರೆ ಸಾಕಿದ, ಪಳಗಿಸಿ ಮಾರಿದ. ಯುವಕನಾಗಿದ್ದಾಗ ನುಂಗಿದ ದೂಳು ಎದೆಯಲ್ಲಿ ಕೂತಿತ್ತು. ಐವತ್ತರ ಹತ್ತಿರ ಬರುವಾಗ ಕೆಮ್ಮು ಅವನನ್ನು ಹಾಸಿಗೆಗೆ ಹಾಕಿತು. ಆಗ ನಾನೇ ಅವನ ಮನೆಗೆ ಹೋಗಿ ಇದ್ದೆ. ಊರಿನವರು ಏನಾದರೂ ಅನ್ನಲಿ ಎಂದು. ಅವನು ಹಾಸಿಗೆಯನ್ನು ಕಿಟಕಿಯಿಂದ ಕಾಣದ ಮೂಲೆಯಲ್ಲಿ ಹಾಕಿಸಿಕೊಂಡಿದ್ದ.

ಅವನು ಸತ್ತ ಮೇಲೆ ಊರಿನ ಸ್ಮಶಾನದಲ್ಲಿ ಜಾಗ ಕೇಳಿದೆ. ಬೇಲಿಯ ಹೊರಗೆ ಕೊಡುತ್ತೇವೆ ಎಂದರು. ನಾನು ಅವನನ್ನು ವಿಲೋ ಹಳ್ಳದಲ್ಲಿ ಆಸ್ಲಾಕನ ಪಕ್ಕದಲ್ಲೇ ಇಟ್ಟೆ. ಜನವರಿ, ನೆಲ ಕಲ್ಲಾಗಿತ್ತು. ಬೆಂಕಿ ಹಾಕಿ ಮಣ್ಣು ಮೆತ್ತಗೆ ಮಾಡಿ ಅಗೆಯಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಹಳ್ಳಕ್ಕೆ ಬಂದು ನೆಲೆಸಿದ ಕೆಲವರು ಸಹಾಯಕ್ಕೆ ಬಂದಿದ್ದರು. ಹಳೆಯದನ್ನೆಲ್ಲ ಅವರು ಕೇಳಿ ಮಾತ್ರ ಬಲ್ಲವರು. ಹೆಣ ತಂದ ಗಾಡಿಯನ್ನು ಅವರು ಅಗೆದ ಕುಣಿಗೂ ಎದುರಿನ ಆ ದಿಬ್ಬಕ್ಕೂ ನಡುವೆ ಅಡ್ಡ ನಿಲ್ಲಿಸಿದರು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಮಣ್ಣು ಮುಚ್ಚುವವರೆಗೂ ಎಲ್ಲರೂ ಗಾಡಿಯ ಈಚೆಗೇ ನಿಂತಿದ್ದರು.